ಗಂಧ ಹಚ್ಚಿದ ಕಾರ್ಡು

ಕಪಿಲಾ ತೀರದ ಆಶ್ರಮವೊಂದರಿಂದ ಗಂಭೀರ ಸುದ್ದಿ ಬಂದಿದೆ. ವಿಜಯದಶಮಿಯ ಬೆಳಿಗ್ಗೆ ಅಲ್ಲಿನ ಹಳೆಯ ಕಂಪ್ಯೂಟರಿನ ಬೆನ್ನಿನಲ್ಲಿರುವ ಹಸಿರು ದೀಪ ಹತ್ತಲಿಲ್ಲ.

ದೀಪದ ಗಾತ್ರ ಸಾಸಿವೆ ಕಾಳಿನಷ್ಟು. ಪ್ರಾಣಹಾನಿಯಾದ ವರದಿಯಿಲ್ಲ. ನದಿ ಎಂದಿನಂತೆ ಹರಿಯಿತು.

ಆದರೆ ಶಿಷ್ಯ ಪಂಚಾಕ್ಷರಿ ಮಾತ್ರ ಆ ದೀಪದ ಎದುರು ನೆಲಕ್ಕೆ ಕುಸಿದು ಕೂತಿದ್ದ.

ಆ ಕಂಪ್ಯೂಟರಿನೊಳಗೆ ಹಿರಿಯ ಬುದ್ಧಿಯವರ ದನಿ ಇತ್ತು. ಆ ಸೀಮೆಯಲ್ಲಿ ಗುರುಗಳನ್ನು ಬುದ್ಧಿ ಎಂದು ಕರೆಯುವುದು ರೂಢಿ. ಹಿರಿಯ ಬುದ್ಧಿಯವರು ಲಿಂಗೈಕ್ಯರಾಗಿ ಬಹಳ ಕಾಲವಾಗಿತ್ತು. ಅವರು ಹೇಳಿದ ಪಾಠಗಳನ್ನೆಲ್ಲ ಆಗಿನ ಶಿಷ್ಯನೊಬ್ಬ ಮೈಕು ಹಿಡಿದು ಅದರಲ್ಲಿ ತುಂಬಿಸಿಟ್ಟಿದ್ದ. ಆ ಶಿಷ್ಯನೇ ಈಗಿನ ಗುರು.

ಯಂತ್ರಕ್ಕೂ ವಯಸ್ಸಾಗಿತ್ತು. ಒಂದು ಸಿಡಿಲಿಗೆ ಅದರ ಸದ್ದು ಹೊರಡಿಸುವ ಭಾಗ ಸುಟ್ಟುಹೋಯಿತು. ಅಂದಿನಿಂದ ದನಿ ಒಳಗೆ ಇತ್ತು, ಹೊರಗೆ ಯಾರಿಗೂ ಕೇಳಿಸುತ್ತಿರಲಿಲ್ಲ. ಪೆನ್‌ಡ್ರೈವ್ ಚುಚ್ಚುವ ಕಿಂಡಿ ಅದಕ್ಕೆ ಹುಟ್ಟಿನಿಂದಲೇ ಇರಲಿಲ್ಲ. ಫ್ಲಾಪಿ ಹಾಕುವ ಬಾಯಲ್ಲಿ ಜೇಡವೊಂದು ಸಂಸಾರ ಹೂಡಿತ್ತು.

ಉಳಿದದ್ದು ಒಂದೇ ದಾರಿ. ಬೆನ್ನಿನ ಕಡೆ ಸಿಕ್ಕಿಸಿದ್ದ ಒಂದು ನೆಟ್‌ವರ್ಕ್ ಕಾರ್ಡು. ಅದರಿಂದ ಹೊರಟ ನೀಲಿ ತಂತಿ ಪಕ್ಕದ ಮೇಜಿನ ಹೊಸ ಕಂಪ್ಯೂಟರಿಗೆ ಹೋಗುತ್ತಿತ್ತು. ಆ ತಂತಿಯ ಮೇಲೆ ಎಲ್ಲ ಪಾಠಗಳನ್ನೂ ಈಚೆಗೆ ದಾಟಿಸಬೇಕಿತ್ತು. ಅವನ್ನು ಪುಸ್ತಕ ಮಾಡಲು ದಸರೆ ಮುಗಿದ ಮೇಲೆ ಮೈಸೂರಿನಿಂದ ಪ್ರಾಧ್ಯಾಪಕರೊಬ್ಬರು ಬರುವವರಿದ್ದರು.

ಹೊಸ ಕಂಪ್ಯೂಟರು ಬಂದದ್ದು ನವರಾತ್ರಿಯ ನಡುವೆ. ಅಂದೇ ದಾಟಿಸಬಹುದಿತ್ತು. ಪೂಜೆಯಾಗದೆ ಹೊಸ ಯಂತ್ರ ಮುಟ್ಟಬಾರದು ಎಂದು ಹಟ ಹಿಡಿದವನು ಪಂಚಾಕ್ಷರಿ. ಗುರುಗಳು, ಆಗಲಿ, ಎಂದಿದ್ದರು.

ತಡ ಮಾಡುವಂತಿರಲಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಪಾಠಗಳಿದ್ದ ಡಿಸ್ಕು ಕೆಲವು ವಾರಗಳಿಂದ ಕಟಕಟ ಎನ್ನುತ್ತಿತ್ತು. ಆರಿಸಿ ಹಾಕಿದಾಗಲೆಲ್ಲ ಏಳುವುದಕ್ಕೆ ಹಿಂದಿನ ಸಲಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಿತ್ತು.

ಗುರುಗಳು ಬಂದರು. ಯಂತ್ರದ ಬೆನ್ನು ನೋಡಿದರು. ಶಿಷ್ಯನ ಮುಖ ನೋಡಿದರು.

"ನಿನ್ನೆ ಆಯುಧಪೂಜೆ ಮಾಡಿದ್ದು ಯಾರು?"

"ನಾನೇ, ಬುದ್ಧಿ."

"ಯಾವುದಕ್ಕೆಲ್ಲ?"

"ಎಲ್ಲದಕ್ಕೂ. ಗುದ್ದಲಿ, ಕುಡುಗೋಲು, ಸೈಕಲ್ಲು, ಒರಳು."

ಬಾಗಿಲಲ್ಲಿ ನಿಂತಿದ್ದ ಗುರುಮಲ್ಲಮ್ಮ ಇಲ್ಲಿ ಬಾಯಿ ಹಾಕಿದರು. ಹಿರಿಯ ಬುದ್ಧಿಯವರ ಕಾಲದಿಂದಲೂ ದಾಸೋಹದ ಮನೆಯ ಅಡುಗೆ ಅವರದು.

"ಒರಳಿನ ಒಳಕ್ಕೂ ಗಂಧ ಬಳಿದವ್ನೆ ಬುದ್ಧಿ. ಇವತ್ತಿನ ಚಟ್ನಿ ಉಣ್ಣಾಕೂ ಆಗದು, ಹಣೆಗೆ ಇಟ್ಕೊಳ್ಳಾಕೂ ಆಗದು."

ಗುರುಗಳು ಕಂಪ್ಯೂಟರಿನ ಕಡೆ ಬೆರಳು ಮಾಡಿದರು. "ಇದಕ್ಕೆ?"

"ಇದಕ್ಕೆ ವಿಶೇಷವಾಗಿ ಮಾಡಿದೆ, ಬುದ್ಧಿ. ಹಿರಿಯ ಬುದ್ಧಿಯವರ ಮಾತನ್ನು ದಾಟಿಸುವುದು ಈ ಕಾರ್ಡು ತಾನೆ. ಅದಕ್ಕೇ ಬಿಚ್ಚಿ ಹೊರಗೆ ತೆಗೆದೆ."

"ತೆಗೆದು?"

"ಗಂಧ ಹಚ್ಚಿದೆ."

"ಎಲ್ಲಿಗೆ?"

"ಹಣೆಗೆ ಹಚ್ಚಬೇಕು ಅಂತಿದ್ದೆ. ಹಣೆ ಯಾವುದು ಅಂತ ತಿಳಿಯಲಿಲ್ಲ. ಕೆಳಗಡೆ ಚಿನ್ನದ ಹಾಗೆ ಹೊಳೆಯುವ ಸಣ್ಣ ಸಣ್ಣ ಪಟ್ಟಿಗಳ ಸಾಲು ಕಂಡಿತು. ಅಲ್ಲಿಗೆ ಹಚ್ಚಿದೆ. ಒಂದನ್ನೂ ಬಿಡಲಿಲ್ಲ."

ಗುರುಗಳು ಬಗ್ಗಿ ಯಂತ್ರದ ಬೆನ್ನನ್ನು ಮತ್ತೊಮ್ಮೆ ನೋಡಿದರು.

"ಅದು ಹಣೆಯಲ್ಲ ಪಂಚಾಕ್ಷರಿ. ಅದರ ನಾಲಗೆ."

ಶಿಷ್ಯ ತನ್ನ ಬಾಯಿಯ ಮೇಲೆ ಕೈ ಇಟ್ಟುಕೊಂಡ.

"ಆ ಪಟ್ಟಿಗಳು ಯಂತ್ರಕ್ಕೆ ತಾಗಿದರೆ ಕಾರ್ಡು ಮಾತಾಡುತ್ತದೆ. ನಡುವೆ ಗಂಧ ಒಣಗಿ ಕೂತರೆ ಹೇಗೆ ತಾಗುತ್ತದೆ?"

"ಈಗಲೇ ಬಿಚ್ಚಿ ಒರೆಸುತ್ತೇನೆ." ಪಂಚಾಕ್ಷರಿ ಎದ್ದ. ಎದ್ದವನು ಮತ್ತೆ ಕೂತ. "ಬಿಚ್ಚಬೇಕಾದರೆ ಯಂತ್ರ ಆರಿಸಬೇಕು."

"ಆರಿಸಬೇಕು."

"ಆರಿಸಿದ ಮೇಲೆ ಡಿಸ್ಕು ಏಳದೆ ಹೋದರೆ?"

"ಏಳದೆ ಹೋಗಬಹುದು."

"ಡಿಸ್ಕನ್ನೇ ಬಿಚ್ಚಿ ಮೈಸೂರಿಗೆ ಒಯ್ದರೆ, ಬುದ್ಧಿ?"

"ಯಾವುದರಲ್ಲಿ?"

"ಬಸ್ಸಿನಲ್ಲಿ."

"ನಮ್ಮ ರಸ್ತೆಯಲ್ಲಿ?"

ಪಂಚಾಕ್ಷರಿ ಆ ಮಾತನ್ನು ಅಲ್ಲಿಗೇ ಕೈಬಿಟ್ಟ.

"ಈಗ ಅದು ಎಚ್ಚರವಾಗಿದೆ," ಎಂದರು ಗುರುಗಳು. "ಏನು ಮಾಡುತ್ತಿದೆ?"

"ಕಟಕಟ ಅನ್ನುತ್ತಿದೆ."

"ಹಾಗೆ ಎಷ್ಟು ದಿನ ಅನ್ನುತ್ತದೆ?"

ಶಿಷ್ಯ ಪೆಟ್ಟಿಗೆಗೆ ಕಿವಿಯಿಟ್ಟ.

"ಆರಿಸು."

"ನಾನೇ? ನೀವು ಮಾಡಿದರೆ ಒಳ್ಳೆಯದಲ್ಲವೆ, ಬುದ್ಧಿ?"

"ಗಂಧ ಹಚ್ಚಿದ ಕೈಗೆ ಜಾಗ ಗೊತ್ತಿದೆ."

ಪಂಚಾಕ್ಷರಿ ಆರಿಸಿದ. ಕಟಕಟ ನಿಂತಿತು. ಕೋಣೆಯಲ್ಲಿ ನದಿಯ ಸದ್ದು ಕೇಳತೊಡಗಿತು. ಅದು ಮೊದಲಿಂದಲೂ ಇತ್ತು.

ಅವನು ಪೆಟ್ಟಿಗೆಯ ಪಕ್ಕದ ಮುಚ್ಚಳ ಕಳಚಿ ಕಾರ್ಡಿಗೆ ಕೈ ನೀಡಿದ. ಗುರುಗಳು ಮಣಿಕಟ್ಟು ಹಿಡಿದರು.

"ಮೊದಲು ಪೆಟ್ಟಿಗೆಯ ಕಬ್ಬಿಣ ಮುಟ್ಟು."

ಪಂಚಾಕ್ಷರಿ ಕಬ್ಬಿಣ ಮುಟ್ಟಿ, ಬೆರಳನ್ನು ಕಣ್ಣಿಗೆ ಒತ್ತಿಕೊಂಡ.

"ಇದು ಯಾವ ದೇವರಿಗೆ, ಬುದ್ಧಿ?"

"ಯಾವ ದೇವರಿಗೂ ಅಲ್ಲ. ಮೈಯಲ್ಲಿ ಕಣ್ಣಿಗೆ ಕಾಣದ ಒಂದು ಕಿಡಿ ಇರುತ್ತದೆ. ಅದನ್ನು ಕಬ್ಬಿಣಕ್ಕೆ ಬಿಟ್ಟು ಬರಬೇಕು. ಕಾರ್ಡು ಅದನ್ನು ತಾಳುವುದಿಲ್ಲ."

"ನನ್ನಲ್ಲಿ ಕಿಡಿ ಇದೆಯೆ?" ಅಂಥ ಸಂಕಟದಲ್ಲೂ ಶಿಷ್ಯನಿಗೆ ಸ್ವಲ್ಪ ಸಂತೋಷವಾಯಿತು.

"ಉಣ್ಣೆ ಶಾಲು ಹೊದ್ದವರೆಲ್ಲರಲ್ಲೂ ಇರುತ್ತದೆ."

ಪಂಚಾಕ್ಷರಿ ಶಾಲು ತೆಗೆದಿಟ್ಟ. ತಿರುಪು ಬಿಚ್ಚಿದ. ಕಾರ್ಡನ್ನು ಅಂಚಿನಲ್ಲಿ ಹಿಡಿದು ಮೇಲಕ್ಕೆತ್ತಿದ. ಪಟ್ಟಿಗಳ ಮೇಲೆ ಗಂಧ ಒಣಗಿ ಬಿರುಕು ಬಿಟ್ಟಿತ್ತು. ಪರಿಮಳ ಮಾತ್ರ ಹಾಗೇ ಇತ್ತು.

"ಹೊಳೆಯ ನೀರು ತರಲೆ, ಬುದ್ಧಿ?"

"ಬೇಡ."

"ಒಂದು ಚಿಟಿಕೆ ವಿಭೂತಿ ಹಾಕಿ ಉಜ್ಜಿದರೆ?"

"ಪಂಚಾಕ್ಷರಿ."

ಶಿಷ್ಯ ವಿಭೂತಿಗೆಂದು ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡ.

ಅವನ ಕಿವಿಯ ಹಿಂದೆ ಒಂದು ಪೆನ್ಸಿಲ್ ಇತ್ತು. ಗ್ರಂಥಗಳನ್ನು ನಕಲು ಮಾಡುವುದು ಅವನ ದಿನದ ಕೆಲಸ. ಗುರುಗಳು ಪೆನ್ಸಿಲನ್ನು ತೆಗೆದು ತಿರುಗಿಸಿ ಹಿಡಿದರು. ಹಿಂತುದಿಯಲ್ಲಿ ಕೆಂಪು ರಬ್ಬರಿತ್ತು.

"ಇದರಲ್ಲಿ ಯಾವಾಗಿನಿಂದ ಬರೆಯುತ್ತಿದ್ದೀಯ?"

"ಯುಗಾದಿಯಿಂದ."

"ಪೆನ್ಸಿಲ್ಲು ಅರ್ಧ ಸವೆದಿದೆ. ರಬ್ಬರು ಅಂಗಡಿಯಲ್ಲಿದ್ದ ಹಾಗೇ ಇದೆ."

"ನಾನು ಹುಷಾರಾಗಿ ಬರೆಯುತ್ತೇನೆ, ಬುದ್ಧಿ."

"ಕಾಣುತ್ತಿದೆ." ಗುರುಗಳು ಪೆನ್ಸಿಲನ್ನು ತಿರುಗಿಸಿಯೇ ಅವನ ಕೈಗೆ ಕೊಟ್ಟರು. "ಉಜ್ಜು. ಉದ್ದಕ್ಕೆ ಉಜ್ಜು, ಅಡ್ಡಕ್ಕೆ ಬೇಡ. ಹಗುರವಾಗಿ."

ಪಂಚಾಕ್ಷರಿ ಉಜ್ಜಿದ. ಗಂಧ ಪುಡಿಪುಡಿಯಾಗಿ ಉದುರಿತು. ಅವನು ಬಗ್ಗಿ ಊದಲು ಹೋದ.

"ಊದಬೇಡ. ಬಾಯಲ್ಲಿ ನೀರಿರುತ್ತದೆ. ಬಟ್ಟೆಯಿಂದ ಕೊಡವು."

ಉಜ್ಜುವ ಕೈಗೆ ಮೆಲ್ಲಗೆ ಹದ ಸಿಕ್ಕಿತು. ಹದ ಸಿಕ್ಕ ಮೇಲೆ ಪ್ರಶ್ನೆ ಬಂತು.

"ಈ ಕಾರ್ಡು ನಿಜವಾಗಿ ಮಾಡುವುದೇನು, ಬುದ್ಧಿ?"

"ಪಂಕ್ತಿಯಲ್ಲಿ ಕೂತವನ ಕೆಲಸ."

"ಅಂದರೆ?"

"ಹಿಂದೆ ಇಲ್ಲಿ ಒಂದೇ ತಂತಿಗೆ ಬಹಳ ಯಂತ್ರಗಳಿದ್ದವು. ಎಲ್ಲರ ಮಾತೂ ಎಲ್ಲರ ಬಾಗಿಲಿಗೆ ಬರುತ್ತಿತ್ತು. ತನ್ನ ಹೆಸರು ಹೇಳಿ ಬಂದದ್ದನ್ನು ಮಾತ್ರ ಇದು ಒಳಗೆ ಬಿಟ್ಟುಕೊಳ್ಳುತ್ತಿತ್ತು."

"ಉಳಿದವರ ಮಾತು?"

"ಹೋಗಲು ಬಿಡುತ್ತಿತ್ತು."

"ಏನು ಹೇಳಿದರು ಅಂತ ಮನಸ್ಸಿನಲ್ಲೂ ಇಟ್ಟುಕೊಳ್ಳುತ್ತಿರಲಿಲ್ಲವೆ?"

"ಅದು ಕಾರ್ಡು ಕಣಪ್ಪ."

ಪಂಚಾಕ್ಷರಿ ಇನ್ನೊಂದು ಪಟ್ಟಿ ಉಜ್ಜಿದ. "ಇಬ್ಬರು ಒಂದೇ ಸಲ ಮಾತಾಡಿದರೆ?"

"ಇಬ್ಬರೂ ನಿಲ್ಲಿಸುತ್ತಾರೆ. ಸ್ವಲ್ಪ ಹೊತ್ತು ಕಾದು ಮತ್ತೆ ಶುರು ಮಾಡುತ್ತಾರೆ."

"ಯಾರು ಎಷ್ಟು ಹೊತ್ತು ಕಾಯಬೇಕು ಅಂತ ಹೇಳುವವರು ಯಾರು?"

"ಯಾರೂ ಇಲ್ಲ. ಅವರವರ ಮನಸ್ಸಿಗೆ ಬಂದಷ್ಟು ಕಾಯುತ್ತಾರೆ. ಅದಕ್ಕೇ ಮತ್ತೆ ಡಿಕ್ಕಿಯಾಗುವುದು ಕಡಿಮೆ."

"ಹಂಗಾರೆ ಇದನ್ನ ನಮ್ಮ ಟ್ರಸ್ಟಿನ ಮೀಟಿಂಗಿಗೆ ಕಳಿಸಿ ಬುದ್ಧಿ," ಎಂದರು ಗುರುಮಲ್ಲಮ್ಮ. "ಆಮ್ಯಾಕೆ ಯಾವ ಪೆಟ್ಟಿಗೇಗಾದ್ರೂ ಹಾಕ್ಕೊಳ್ಳಿ."

ಪಟ್ಟಿಗಳು ಮತ್ತೆ ಚಿನ್ನದಂತೆ ಹೊಳೆದವು. ಪಂಚಾಕ್ಷರಿ ಕಾರ್ಡನ್ನು ಅದರ ಸೀಳಿನಲ್ಲಿ ಇಟ್ಟು ಒಂದು ಬೆರಳಿನಿಂದ ಒತ್ತಿದ. ಅದು ಕೂರಲಿಲ್ಲ.

"ಎರಡೂ ತುದಿಯನ್ನು ಸಮನಾಗಿ ಒತ್ತು. ಒಂದು ಕಡೆಗೆ ಹೆಚ್ಚು ಆತುರ ತೋರಿಸಿದರೆ ಇನ್ನೊಂದು ಕಡೆ ಎದ್ದು ನಿಲ್ಲುತ್ತದೆ."

ಕಾರ್ಡು ಕೂತಿತು. ತಿರುಪು ಬಿಗಿಯಾಯಿತು. ನೀಲಿ ತಂತಿ ಸೇರಿತು.

"ಹಾಕು."

ಪಂಚಾಕ್ಷರಿ ಗುಂಡಿ ಒತ್ತಿದ. ಡಿಸ್ಕು ಒಮ್ಮೆ ಕಟ್ ಎಂದಿತು. ಆಮೇಲೆ ಏನೂ ಅನ್ನಲಿಲ್ಲ.

ಗುರುಮಲ್ಲಮ್ಮ ಸೆರಗಿನ ತುದಿಯನ್ನು ಹಿಡಿದುಕೊಂಡರು. ಶಿಷ್ಯ ಕಣ್ಣು ಮುಚ್ಚಿದ. ಗುರುಗಳು ಕಿಟಕಿಯಾಚೆ ನೋಡುತ್ತಿದ್ದರು. ಅಲ್ಲಿ ಒಬ್ಬ ಅಂಬಿಗ ದೋಣಿಯಿಂದ ನೀರು ಮೊಗೆದು ಚೆಲ್ಲುತ್ತಿದ್ದ.

ಗೊರ್ ಎಂದು ಸದ್ದಾಯಿತು. ಡಿಸ್ಕು ತಿರುಗತೊಡಗಿತು.

ಹಸಿರು ದೀಪ ಹತ್ತಿತು.

ಪಂಚಾಕ್ಷರಿ ಅದಕ್ಕೆ ಅಡ್ಡಬಿದ್ದ.

"ಅಡ್ಡಬೀಳುವುದು ಆಮೇಲೆ," ಎಂದರು ಗುರುಗಳು. "ಮೊದಲು ದಾಟಿಸು."

ಹೊಸ ಕಂಪ್ಯೂಟರಿನ ಪರದೆಯ ಮೇಲೆ ಪಾಠಗಳ ಹೆಸರುಗಳು ಒಂದರ ಕೆಳಗೊಂದು ಮೂಡಿದವು. ಎಲ್ಲಕ್ಕಿಂತ ದೊಡ್ಡದು ಷಟ್‌ಸ್ಥಲದ ಪಾಠ. ಪ್ರಾಧ್ಯಾಪಕರು ಮುಖ್ಯವಾಗಿ ಬರುತ್ತಿದ್ದುದು ಅದಕ್ಕಾಗಿ.

"ಷಟ್‌ಸ್ಥಲವನ್ನು ಮೊದಲು ಕಳಿಸಲೆ, ಬುದ್ಧಿ?"

"ದೋಣಿ ಸೋರುತ್ತಿದ್ದರೆ ಮೊದಲು ಯಾರನ್ನು ದಾಟಿಸುತ್ತಾರೆ?"

"ಮಗುವನ್ನು."

"ಹಾಗಾದರೆ ಎಲ್ಲಕ್ಕಿಂತ ಚಿಕ್ಕದನ್ನು ಕಳಿಸು."

ಪಂಚಾಕ್ಷರಿ ಹುಡುಕಿದ. "ಚಿಕ್ಕದು ಅಂದರೆ ಕೊನೆಯಲ್ಲಿ 'ಪರೀಕ್ಷೆ' ಅಂತ ಒಂದಿದೆ. ಏನಿದೆ ಅದರಲ್ಲಿ?"

"ಮೈಕು ಕೆಲಸ ಮಾಡುತ್ತದೋ ಇಲ್ಲವೋ ಅಂತ ಮೊದಲ ದಿನ ನೋಡಿದ್ದು."

"ಅದರಲ್ಲಿ ಉಪದೇಶವಿದೆಯೆ?"

"ನೆನಪಿಲ್ಲ. ನಾನಾಗ ಮೈಕು ನೋಡುತ್ತಿದ್ದೆ."

ಶಿಷ್ಯನಿಗೆ ಇದು ಕಾಲಹರಣವೆನಿಸಿತು. ಆದರೂ ಕಳಿಸಿದ. ಹಸಿರು ದೀಪ ಒಮ್ಮೆ ಮಿನುಗಿತು. ಮಾತು ದಾಟುವಾಗ ಅದು ಹಾಗೆ ಮಿನುಗುತ್ತದೆ. 'ಪರೀಕ್ಷೆ' ಈಚೆ ದಡಕ್ಕೆ ಬಂತು.

ಅವನು ಷಟ್‌ಸ್ಥಲವನ್ನು ಕಳಿಸಿದ. ದೀಪ ಬಿಡದೆ ಮಿನುಗತೊಡಗಿತು. ಪರದೆಯ ಮೇಲೆ ಒಂದು ಪಟ್ಟೆ ಎಡದಿಂದ ಬಲಕ್ಕೆ ಬೆಳೆಯುತ್ತ ಹೋಯಿತು. ಮೂವರೂ ಅದನ್ನೇ ನೋಡುತ್ತ ಕೂತರು. ಗುರುಮಲ್ಲಮ್ಮ ಒಲೆಯ ಮೇಲೆ ಅನ್ನವಿಟ್ಟು ಬಂದದ್ದನ್ನೂ ಮರೆತರು.

ಪಟ್ಟೆ ಅರ್ಧ ದಾಟಿದಾಗ ಡಿಸ್ಕು ಕಟ್ ಎಂದಿತು. ಮತ್ತೊಮ್ಮೆ ಕಟ್ ಎಂದಿತು. ನಿಂತಿತು.

ಪಟ್ಟೆಯೂ ನಿಂತಿತು.

ದೀಪ ಆರಲಿಲ್ಲ. ಮಿನುಗುವುದನ್ನು ಬಿಟ್ಟು ಒಂದೇ ಸಮನೆ ಉರಿಯಿತು. ಕಾರ್ಡು ಸಿದ್ಧವಾಗಿತ್ತು. ಅದರ ಕೈಗೆ ಕೊಡಲು ಹಿಂದಿನಿಂದ ಏನೂ ಬರಲಿಲ್ಲ.

ಆರಿಸಿ ಹಾಕಿದರು. ಕಾದು, ಮತ್ತೆ ಆರಿಸಿ ಹಾಕಿದರು. ಡಿಸ್ಕು ಏಳಲಿಲ್ಲ. ಅರ್ಧ ದಾಟಿದ ಷಟ್‌ಸ್ಥಲ ತೆರೆಯಲಿಲ್ಲ.

ಗುರುಗಳು ಹಳೆಯ ಯಂತ್ರದ ತಲೆಯ ಮೇಲೆ ಅಂಗೈ ಇಟ್ಟರು. ಅದು ಇನ್ನೂ ಬೆಚ್ಚಗಿತ್ತು.

"ದೊಡ್ಡ ಉಪಕಾರವಾಯಿತು," ಎಂದರು.

"ನಡುನೀರಿನಲ್ಲಿ ಕೈಬಿಟ್ಟ ಯಂತ್ರಕ್ಕೆ ಉಪಕಾರವೆ, ಬುದ್ಧಿ?"

"ಸಿಡಿಲು ಬಡಿದ ಮೇಲೂ ಇಷ್ಟು ವರ್ಷ ಹೊತ್ತುಕೊಂಡಿತ್ತು. ಒಂದನ್ನು ದಾಟಿಸಿಯೇ ಹೋಯಿತು."

ಪಂಚಾಕ್ಷರಿ ಹೊರಗೆ ಹೋದ. ಸ್ವಲ್ಪ ಹೊತ್ತಿನ ಮೇಲೆ ಕೈಚೀಲ ಹಿಡಿದು ಬಂದ. ಚೀಲದ ಬಾಯಿಂದ ಒಂದು ಪಂಚೆಯ ಅಂಚು ಇಣುಕುತ್ತಿತ್ತು.

"ಹೊರಡುತ್ತೇನೆ, ಬುದ್ಧಿ."

"ಎಲ್ಲಿಗೆ?"

"ಗೊತ್ತಿಲ್ಲ. ನಾನು ಪೂಜೆಗೆ ಕಾಯದಿದ್ದರೆ, ಗಂಧ ಹಚ್ಚದಿದ್ದರೆ, ಎಲ್ಲ ಪಾಠವೂ ಉಳಿಯುತ್ತಿತ್ತು."

"ಬಹುಶಃ ಉಳಿಯುತ್ತಿತ್ತು."

ಶಿಷ್ಯ ಮುಂದಿನ ಸಮಾಧಾನದ ಮಾತಿಗೆ ಕಾದ. ಅದು ಬರಲಿಲ್ಲ.

"ದಾಟಿದ್ದನ್ನು ಒಂದು ಸಲ ಕೇಳಿಸಿ ಹೋಗು," ಎಂದರು ಗುರುಗಳು.

ಪಂಚಾಕ್ಷರಿ ಚೀಲ ಕೆಳಗಿಟ್ಟು 'ಪರೀಕ್ಷೆ'ಯನ್ನು ಹಾಕಿದ.

ಮೊದಲು ಬರೀ ಸರಸರ ಸದ್ದು. ಆಮೇಲೆ ಒಂದು ಮುದಿ ದನಿ. ಪಂಚಾಕ್ಷರಿ ಅದನ್ನು ಹಿಂದೆಂದೂ ಕೇಳಿರಲಿಲ್ಲ.

"ಇದು ಕೇಳ್ತದಾ?"

"ಕೇಳ್ತದೆ ಬುದ್ಧಿ. ಇನ್ನೂ ಸ್ವಲ್ಪ ಮಾತಾಡಿ." ಇದು ಒಬ್ಬ ತರುಣನ ದನಿ.

"ಏನ್ ಮಾತಾಡ್ಲಿ?"

"ಏನಾದ್ರೂ, ಬುದ್ಧಿ. ಮೈಕು ನೋಡ್ಬೇಕು."

"ಉಂಡ್ಯಾ ಮಗ?"

"ಇದೊಂದು ಮುಗಿಸಿ ಉಣ್ತೀನಿ ಬುದ್ಧಿ."

"ಮೊದ್ಲು ಹೋಗಿ ಉ‍ಣ್ಣು. ಬೆಳಿಗ್ಗೆಯಿಂದ ಈ ಪೆಟ್ಟಿಗೆ ಮುಂದೆ ಕೂತಿದ್ದೀಯ. ನನ್ನ ಮಾತು ಎಲ್ಲಿಗೂ ಓಡಿಹೋಗಾಕಿಲ್ಲ."

ದೂರದಲ್ಲಿ ಪಾತ್ರೆಯ ಸದ್ದು. ಅದರ ಹಿಂದೆಯೇ ಒಬ್ಬ ಹೆಂಗಸಿನ ಗಂಟಲು: "ಅನ್ನ ಆರೋಯ್ತದೆ ಬುದ್ಧಿ! ಇಬ್ಬರೂ ಬನ್ನಿ!"

ಅಲ್ಲಿಗೆ ಮುಗಿಯಿತು.

ಗುರುಮಲ್ಲಮ್ಮ ಹೊಸ ಕಂಪ್ಯೂಟರನ್ನು ಅನುಮಾನದಿಂದ ನೋಡಿದರು.

"ನನ್ನ ಗಂಟಲು ಅಷ್ಟು ಜೋರಾಗಿತ್ತಾ?"

"ಈಗಲೂ ಇದೆ," ಎಂದರು ಗುರುಗಳು.

ಅವರು ಕನ್ನಡಕ ತೆಗೆದು ಒರೆಸಿದರು. ಕನ್ನಡಕ ಮೊದಲೇ ಶುಭ್ರವಾಗಿತ್ತು.

ಪಂಚಾಕ್ಷರಿ ಮೆಲ್ಲಗೆ ಕೇಳಿದ. "ಅವತ್ತು ಹೋಗಿ ಉಂಡಿರಾ, ಬುದ್ಧಿ?"

"ಇಲ್ಲ. ಬಾಯಿ ಉತ್ತರ ಕೊಡುತ್ತಿತ್ತು, ಕಿವಿ ಮೈಕಿನಲ್ಲಿತ್ತು. ಅವರು ಹಾಗೆ ಹೇಳಿದ್ದೇ ನನಗೆ ತಿಳಿಯಲಿಲ್ಲ. ಈಗ ಕೇಳಿದೆ."

ಗುರುಗಳು ಎದ್ದರು. ಶಿಷ್ಯನ ಕೈಚೀಲವನ್ನು ತಾವೇ ಎತ್ತಿಕೊಂಡರು. ದಾಸೋಹದ ಮನೆಯ ಕಡೆ ನಡೆದರು.

ಚೀಲ ಹೋದ ಕಡೆ ಶಿಷ್ಯನೂ ಹೋದ. ಬೇರೆ ಪಂಚೆ ಅವನಲ್ಲಿರಲಿಲ್ಲ.

ಅನ್ನ ಸ್ವಲ್ಪ ತಳ ಹಿಡಿದಿತ್ತು. ಗುರುಮಲ್ಲಮ್ಮ ಪಂಚಾಕ್ಷರಿಯ ಎಲೆಗೆ ಮಾತ್ರ ಚಟ್ನಿಯನ್ನು ರಾಶಿ ಹಾಕಿದರು.

"ಎಲ್ಲಾನೂ ನೀನೇ ಖಾಲಿ ಮಾಡ್ಬೇಕು ಕಣಪ್ಪ. ಪ್ರಸಾದ ಅಂದ್ಕೋ."

ಅವನು ಎಲ್ಲವನ್ನೂ ಖಾಲಿ ಮಾಡಿದ.

ದಸರೆ ಮುಗಿದ ಮೇಲೆ ಬರುತ್ತೇನೆಂದಿದ್ದ ಪ್ರಾಧ್ಯಾಪಕರು ಮುಂದಿನ ವರ್ಷದ ದಸರೆಗೆ ಬಂದರು. ವಿದ್ವತ್ತಿನ ಕೆಲಸ ಅವಸರದಲ್ಲಿ ಆಗುವುದಲ್ಲ.

ಅಷ್ಟರಲ್ಲಿ ಹಳೆಯ ಯಂತ್ರದಿಂದ ಬಿಚ್ಚಿದ ಕಾರ್ಡು ದಾಸೋಹದ ಮನೆಯಲ್ಲಿದ್ದ ಇನ್ನೊಂದು ಹಳೆಯ ಕಂಪ್ಯೂಟರಿನೊಳಗೆ ಕೂತಿತ್ತು. ನೀಲಿ ತಂತಿಯನ್ನು ಅಂಗಳದ ಬೇವಿನ ಮರದ ಮೇಲಿಂದ ಅಲ್ಲಿಗೆ ಎಳೆದಿದ್ದರು. ಊಟದ ಗಂಟೆ ಹೊಡೆಯುವುದನ್ನು ಆಶ್ರಮ ನಿಲ್ಲಿಸಿತ್ತು. ಮಧ್ಯಾಹ್ನ ಪಂಚಾಕ್ಷರಿ 'ಪರೀಕ್ಷೆ'ಯನ್ನು ಆ ತಂತಿಯ ಮೇಲೆ ಕಳಿಸುತ್ತಿದ್ದ. ದಾಸೋಹದ ಮನೆಯ ಸ್ಪೀಕರಿನಲ್ಲಿ ಮುದಿ ದನಿಯೊಂದು, ಉಂಡ್ಯಾ ಮಗ, ಎಂದು ಕೇಳುತ್ತಿತ್ತು. ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದವರೂ ಎದ್ದು ಬರುತ್ತಿದ್ದರು.

ಆಯುಧಪೂಜೆಯ ದಿನ ಪಂಚಾಕ್ಷರಿ ಯಂತ್ರ ಆರಿಸಿದ. ಕಬ್ಬಿಣ ಮುಟ್ಟಿದ. ಕಾರ್ಡು ತೆಗೆದು, ಪಟ್ಟಿಗಳನ್ನು ರಬ್ಬರಿನಿಂದ ಉದ್ದಕ್ಕೆ ಉಜ್ಜಿ, ಎರಡೂ ತುದಿ ಸಮನಾಗಿ ಒತ್ತಿ ಕೂರಿಸಿದ. ರಬ್ಬರು ಈಗ ಪೆನ್ಸಿಲಿಗಿಂತ ಹೆಚ್ಚು ಸವೆದಿತ್ತು. ಪೆಟ್ಟಿಗೆಯ ಹೊರಮುಚ್ಚಳಕ್ಕೆ ಒಂದು ಬೊಟ್ಟು ಗಂಧವಿಟ್ಟ. ಬೆರಳಿನಲ್ಲಿ ಉಳಿದದ್ದನ್ನು ತನ್ನ ಹಣೆಗೆ ಇಟ್ಟುಕೊಂಡ.

ಹಸಿರು ದೀಪ ಹತ್ತಿದ್ದನ್ನು ನೋಡಿಕೊಂಡು ಗುರುಗಳ ಬಳಿಗೆ ಬಂದ.

"ಪ್ರಾಧ್ಯಾಪಕರು ಬಂದು ಜಗಲಿಯಲ್ಲಿ ಕೂತಿದ್ದಾರೆ, ಬುದ್ಧಿ. ಹಿರಿಯ ಬುದ್ಧಿಯವರ ಪಾಠದಲ್ಲಿ ಎಷ್ಟು ಉಳಿದಿದೆ ಅಂತ ಕೇಳುತ್ತಿದ್ದಾರೆ. ಏನು ಹೇಳಲಿ?"

ಗುರುಗಳು ಹೊತ್ತು ನೋಡಿದರು. ಮಧ್ಯಾಹ್ನವಾಗಿತ್ತು.

"ಊಟಕ್ಕೆ ಕರೆಯುವಷ್ಟು ಉಳಿದಿದೆ."